ಹೆಗಲ ಭಾರ ಮತ್ತು ವಿಶ್ರಾಂತಿಯ ಋಣ

ಎದೆಯ ನಡುವಿನ ಎಲುಬಿನಿಂದ ಹೆಗಲಿನವರೆಗೆ ಅಡ್ಡಲಾಗಿ ಚಾಚಿರುವ ಕೊರಳೆಲುಬು ನೋಡಲು ಸಣ್ಣದು. ಆದರೆ ತೋಳನ್ನು ದೇಹದ ಗೂಡಿಗೆ ಜೋಡಿಸುವ ಏಕಮಾತ್ರ ಎಲುಬಿನ ಕೊಂಡಿ ಇದೇ. ಉಳಿದುದೆಲ್ಲ ಸ್ನಾಯುಗಳ ಆಸರೆ. ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಗಟ್ಟಿಯಾಗತೊಡಗುವ ಎಲುಬುಗಳಲ್ಲಿ ಇದು ಅಗ್ರಗಣ್ಯ. ಸಂಪೂರ್ಣವಾಗಿ ಬಲಿಯುವುದು ಮಾತ್ರ 25 ವರ್ಷದ ಆಸುಪಾಸಿನಲ್ಲಿ. ಮನುಷ್ಯನು ಹೆಗಲ ಮೇಲೆ ಬಿದ್ದಾಗ ನೆಲದ ಪೆಟ್ಟನ್ನು ಎದುರಿಸುವ ಈ ಎಲುಬು ಬಹುಮಟ್ಟಿಗೆ ತನ್ನ ನಡುಭಾಗದಲ್ಲಿಯೇ ಮುರಿಯುತ್ತದೆ.

ಇಂತಹ ಎರಡು ಮುರಿತಗಳನ್ನು 2024ರ ಫೆಬ್ರುವರಿ ತಿಂಗಳಲ್ಲಿ ಹತ್ತು ದಿನಗಳ ಅಂತರದಲ್ಲಿ ಹತ್ತಿರದಿಂದ ಕಾಣುವ ಸಂದರ್ಭ ನನಗೆ ಒದಗಿತು. ಮೊದಲನೆಯವನು ನನ್ನ ತಮ್ಮನ ಮಗ. 26ರ ಯುವಕ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಗೆಳೆಯರೊಡನೆ ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಸ್ನೋಬೋರ್ಡಿಂಗ್ ಎಂಬ ಹಿಮದಾಟವನ್ನು ಕಲಿಯುತ್ತಿದ್ದ. ಎರಡು ಪಾದಗಳನ್ನೂ ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟವದು. ಆಯ ತಪ್ಪಿದರೆ ಒಂದು ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳುವಂತಿಲ್ಲ. ಕೈಯೋ ಹೆಗಲೋ ನೆಲ ಮುಟ್ಟಲೇಬೇಕು. ಎಡ ಹೆಗಲ ಮೇಲೆ ಬಿದ್ದ ಅವನು ಆರೈಕೆಗಾಗಿ ಬಳ್ಳಾರಿಯ ಮನೆಗೆ ಬಂದ. ಎರಡನೆಯವನು ಕುರುಗೋಡಿನ ಸಮೀಪದ ಹಳ್ಳಿಯ ಹಮಾಲಿ. ವಯಸ್ಸು ನಲವತ್ತು ದಾಟಿದೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ 75 ಕೆ.ಜಿ. ತೂಕದ ನೆಲ್ಲಿನ ಚೀಲ ಹೊತ್ತು ಲಾರಿಯಿಂದ ಇಳಿಯುವಾಗ ಕಾಲ ಕೆಳಗಿನ ಹಲಗೆ ಜಾರಿತು. ಆ ನೆಲ್ಲಿನಲ್ಲಿ ನನ್ನ ಖರೀದಿಯ ಪಾಲೂ ಇತ್ತು. ಒಬ್ಬನು ಆಟದ ಹಲಗೆಯಿಂದ ಬಿದ್ದ, ಇನ್ನೊಬ್ಬನು ಅನ್ನದ ಹಲಗೆಯಿಂದ ಬಿದ್ದ. ಮುರಿದ ಎಲುಬು ಮಾತ್ರ ಒಂದೇ.

ಚಿಕಿತ್ಸೆಯೂ ಒಂದೇ ಆಯಿತು. ಎಲುಬು ಚರ್ಮವನ್ನು ಸೀಳಿ ಬಂದಿದ್ದರೆ, ತುಂಡುಗಳು ಬಹಳ ದೂರ ಸರಿದಿದ್ದರೆ, ಅಥವಾ ಕೆಳಗಿನ ರಕ್ತನಾಳ, ನರಗಳಿಗೆ ಪೆಟ್ಟಾಗಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಲೋಹದ ಪಟ್ಟಿ ಕೂರಿಸುತ್ತಾರೆ. ಇವರಿಬ್ಬರಿಗೂ ಅದರ ಅಗತ್ಯ ಕಾಣಲಿಲ್ಲ. ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ನೋವಿಗೆ ಮಾತ್ರೆ, ದಿಂಬುಗಳಿಗೆ ಒರಗಿ ಅರ್ಧ ಕುಳಿತಂತೆ ನಿದ್ರೆ, ಮೊದಲ ದಿನದಿಂದಲೇ ಬೆರಳು ಮತ್ತು ಮಣಿಕಟ್ಟುಗಳ ಚಲನೆ, ಕೆಲವು ವಾರಗಳ ನಂತರ ಹೆಗಲಿನ ಮೆಲುವಾದ ವ್ಯಾಯಾಮ. ಹಿಂದೆ ಬೆನ್ನಿಗೆ ಎಂಟರ ಆಕಾರದ ಪಟ್ಟಿ ಬಿಗಿಯುವುದು ರೂಢಿಯಲ್ಲಿತ್ತು. ಸರಳವಾದ ತೂಗುಪಟ್ಟಿಗಿಂತ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲವೆಂದು ಈಚಿನ ವೈದ್ಯರ ಅಭಿಪ್ರಾಯ. ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸುವ ಪದ್ಧತಿ ನಮ್ಮ ಸೀಮೆಯಲ್ಲಿ ಇಂದಿಗೂ ಇದೆ. ಎಲ್ಲಿಗೇ ಹೋಗಲಿ, ಮೊದಲು ಎಕ್ಸ್‌ರೇ ಆಗಬೇಕು. ಬೆರಳು ಜೋಮುಗಟ್ಟಿದರೆ, ಕೈ ತಣ್ಣಗಾದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ವಯಸ್ಕರಲ್ಲಿ ಈ ಎಲುಬು ಕೂಡಲು ಸಾಮಾನ್ಯವಾಗಿ 6ರಿಂದ 12 ವಾರಗಳು ಬೇಕು. ಭಾರ ಹೊರುವ ಕೆಲಸಕ್ಕೆ ಸುಮಾರು ಮೂರು ತಿಂಗಳು ಕಾಯುವುದು ಲೇಸು. ಅಂದರೆ ಇದರ ಮುಖ್ಯ ಔಷಧಿ ಸೀಸೆಯಲ್ಲಿಲ್ಲ, ಕಾಲದಲ್ಲಿದೆ, ವಿಶ್ರಾಂತಿಯಲ್ಲಿದೆ. ಇಬ್ಬರಿಗೂ ವ್ಯತ್ಯಾಸ ಕಂಡದ್ದು ಇಲ್ಲಿಯೇ. ನಮ್ಮ ಹುಡುಗ ಎರಡನೆಯ ವಾರಕ್ಕೆ ಮನೆಯಲ್ಲಿ ಕುಳಿತು ಕಂಪ್ಯೂಟರಿನ ಕೆಲಸಕ್ಕೆ ತೊಡಗಿದ. ಸಂಬಳ ಒಂದು ದಿನವೂ ನಿಲ್ಲಲಿಲ್ಲ. ಹಮಾಲಿಯನ್ನು ನೋಡಲು ಕುರುಗೋಡಿನ ಕಡೆಗೆ ಹೋದಾಗ ಅವನು ಆಡಿದ್ದು ಒಂದೇ ಮಾತು: “ಎಲುಬು ತಾನಾ ಕೂಡ್ತೈತ್ರೀ ಸಾವ್ಕಾರ್ರೆ, ಅಲ್ಲೀತನ ಒಲಿ ಹ್ಯಾಂಗ ಹೊತ್ತತೈತಿ ಹೇಳ್ರಿ.” ನಾಲ್ಕನೆಯ ವಾರಕ್ಕೇ ಚೀಲ ಹೊರಲು ಹೋಗುವ ಯೋಚನೆ ಅವನದಾಗಿತ್ತು.

ಶ್ರಾವಕರ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ವಾಚಕಬಂಧುಗಳಿಗೆ ತಿಳಿದೇ ಇದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲ ಮೂರರಿಂದ ನಾವು ವ್ಯಾಪಾರಸ್ಥರು ಸಹಜವಾಗಿಯೇ ದೂರವಿರುತ್ತೇವೆ. ಕೊನೆಯ ಎರಡನ್ನು ಎತ್ತು, ಕುದುರೆಗಳಿಗೆ ಸಂಬಂಧಿಸಿದ ಹಳೆಯ ಕಾಲದ ಮಾತೆಂದು ಭಾವಿಸುವವರುಂಟು. ಅರೆಗೂಡಿದ ಎಲುಬಿನ ಮೇಲೆ 75 ಕೆ.ಜಿ. ಚೀಲ ಏರಿದರೆ ಅದು ಅತಿಭಾರಾರೋಪಣವಲ್ಲದೆ ಮತ್ತೇನು? ಅದನ್ನು ತಪ್ಪಿಸಲು ಅವನನ್ನು ಕೂಲಿಯಿಲ್ಲದೆ ಮನೆಗೆ ಕಳುಹಿಸಿದರೆ ಅನ್ನಪಾನನಿರೋಧವಾಗುತ್ತದೆ. ಎರಡರ ನಡುವೆ ಇರುವ ದಾರಿ ಒಂದೇ: ವಿಶ್ರಾಂತಿಗೂ ಕೂಲಿ ಕೊಡುವುದು.

ಆ ದಾರಿಯನ್ನು ಮೊದಲು ತೋರಿಸಿದವರು ಹಮಾಲರೇ. ಅವನ ಗುಂಪಿನವರು ದಿನದ ಗಳಿಕೆಯನ್ನು ಹಂಚಿಕೊಳ್ಳುವಾಗ ಅವನಿಗೆ ಅರ್ಧ ಪಾಲು ತೆಗೆದಿರಿಸತೊಡಗಿದ್ದರು. ಲೆಕ್ಕ ಹೀಗಿತ್ತು: ದಿನಕ್ಕೆ 600 ರೂಪಾಯಿ, ವಾರಕ್ಕೆ 6 ದಿನ, 12 ವಾರಕ್ಕೆ 43,200 ರೂಪಾಯಿ. ಅದರಲ್ಲಿ ಅರ್ಧ ಅವರದಾದರೆ ಉಳಿದದ್ದು 21,600. ನೆಲ್ಲಿನ ಮೂವರು ಖರೀದಿದಾರರು ಮತ್ತು ಗಿರಣಿಯವರು ಸೇರಿ ನಾಲ್ವರಿಗೆ ತಲಾ 5,400. ಇದನ್ನು ಯಾವ ಖಾತೆಗೆ ಬರೆಯಬೇಕೆಂದು ನಮ್ಮ ಗುಮಾಸ್ತರು ಕೇಳಿದರು. ಧರ್ಮಾದಾಯಕ್ಕೆ ಬೇಡ, ಹಮಾಲಿ ಖರ್ಚಿಗೇ ಬರೆಯಿರಿ ಎಂದೆ. ಲಾರಿಯ ಬಾಡಿಗೆಯಂತೆ, ಚೀಲದ ಬೆಲೆಯಂತೆ ಅದೂ ಆ ನೆಲ್ಲಿನ ಅಸಲಿಗೆ ಸೇರಿದ್ದು. ಸಲ್ಲಬೇಕಾದುದನ್ನು ಸಲ್ಲಿಸುವುದು ಋಣಸಂದಾಯ; ದಾನವು ಅದನ್ನು ಮೀರಿದ ಮೇಲೆ ಆರಂಭವಾಗುತ್ತದೆ. ಒಂಬತ್ತನೆಯ ವಾರದಿಂದ ಅವನು ಗಿರಣಿಯ ಕಾಟಾದ ಬಳಿ ಕುಳಿತು ಚೀಲಗಳ ಎಣಿಕೆ ನೋಡಿಕೊಂಡ. ಹದಿಮೂರನೆಯ ವಾರದಲ್ಲಿ ವೈದ್ಯರ ಒಪ್ಪಿಗೆ ಪಡೆದು ಹೆಗಲಿಗೆ ಚೀಲ ಏರಿಸಿದ. ಎಲುಬು ಕೂಡಿದ ಜಾಗದಲ್ಲಿ ಇಬ್ಬರಿಗೂ ಒಂದೊಂದು ಗಂಟು ಉಳಿದಿದೆ.

ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1923ರಲ್ಲಿಯೇ ಬಂದಿತು. ಒಬ್ಬ ಮನುಷ್ಯ ಹೊರುವ ಭಾರ 55 ಕೆ.ಜಿ.ಯನ್ನು ಮೀರಿದ್ದರೆ ಆದಷ್ಟು ಬೇಗ ತಗ್ಗಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಶಿಫಾರಸು ಮಾಡಿತು. ಆದರೂ ಲಾರಿಯವರು ಗಿರಣಿಯವರನ್ನು, ಗಿರಣಿಯವರು ಖರೀದಿದಾರರನ್ನು, ಖರೀದಿದಾರರು ದಲಾಲರನ್ನು ತೋರಿಸುವ ಕಡೆ ತುಂಡುಗೂಲಿಯವನಿಗೆ ಧಣಿಯೇ ಇಲ್ಲದಂತಾಗುತ್ತದೆ. ಚೀಲದ ತೂಕ ಇಳಿಸುವುದೂ, ಹಲಗೆಗೆ ಜಾರದಂತೆ ಅಡ್ಡಪಟ್ಟಿ ಹೊಡೆಸುವುದೂ ನಮ್ಮ ಕೈಯಲ್ಲಿಯೇ ಇರುವ ಕೆಲಸ.

ನಮ್ಮ ಬಸದಿಗಳ ಟ್ರಸ್ಟುಗಳು ಔಷಧದಾನಕ್ಕೆ ಹಣ ತೆಗೆದಿರಿಸುತ್ತವೆ; ಶಿಬಿರ ನಡೆಸಿ ಮಾತ್ರೆ ಹಂಚುತ್ತವೆ. ಅದು ಪುಣ್ಯಕಾರ್ಯವೇ. ಅದರಲ್ಲಿ ಒಂದು ಭಾಗವನ್ನು ಕೇಳುವ ಧಣಿಯಿಲ್ಲದ ಕೂಲಿಕಾರರ ವಿಶ್ರಾಂತಿಯ ದಿನಗಳಿಗೆ ಮೀಸಲಿಡಬಾರದೇಕೆ? ವೈದ್ಯರು ಇಷ್ಟು ವಾರ ಎಂದು ಚೀಟಿ ಬರೆದುಕೊಟ್ಟರೆ, ಆ ವಾರಗಳೇ ಔಷಧಿಯೆಂದು ತಿಳಿದು ಅವುಗಳ ಬೆಲೆ ತೆರುವುದು ಔಷಧದಾನವೇ ಆಗುತ್ತದೆ. ಮುಂದಿನ ವರ್ಷದ ಆಯವ್ಯಯ ಬರೆಯುವಾಗ ಟ್ರಸ್ಟಿನ ಹಿರಿಯರು ಈ ಒಂದು ಸಾಲನ್ನು ಸೇರಿಸುವ ಬಗ್ಗೆ ಆಲೋಚಿಸಬೇಕೆಂದು ವಿನಂತಿಸುತ್ತೇನೆ.