ಮಡ್ಡಿ

ಗಾಣದಿಂದ ಇಳಿಯುವ ಕಬ್ಬಿನ ಹಾಲು ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ. ಬೂದು ಹಸಿರು ಬಣ್ಣದ, ನೊರೆ ತುಂಬಿದ ನೀರು ಅದು. ಗದ್ದೆಯ ಮಣ್ಣು, ಸಿಪ್ಪೆಯ ಚೂರು, ಕಬ್ಬಿನ ಮೈಮೇಲಿನ ಮೇಣ, ಕಣ್ಣಿಗೆ ಕಾಣದ ಅಂಟು, ಪ್ರೋಟೀನು ಎಲ್ಲವೂ ಅದರಲ್ಲಿ ಕಲೆತಿರುತ್ತವೆ. ಬಟ್ಟೆಯಲ್ಲಿ ಸೋಸಿದರೆ ಸಿಪ್ಪೆ ನಿಲ್ಲುತ್ತದೆ, ಉಳಿದದ್ದು ನಿಲ್ಲುವುದಿಲ್ಲ. ಹಾಗಾಗಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವುದೆಂದರೆ ಅರ್ಧ ಕೆಲಸ ಕುದಿಸುವುದು, ಇನ್ನರ್ಧ ಮಡ್ಡಿ ತೆಗೆಯುವುದು.

ನನ್ನ ಸೋದರಮಾವನ ಆಲೆಮನೆ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ, ಕೆ.ಎಂ. ದೊಡ್ಡಿ ದಾಟಿದ ಮೇಲೆ ಇತ್ತು. ಕಾಲೇಜಿನ ರಜೆಯಲ್ಲಿ ಹೋದಾಗ ಉದ್ದ ಹಿಡಿಯ ಜಾಲರಿ ನನ್ನ ಕೈಗೆ ಬರುತ್ತಿತ್ತು. ಕೊಪ್ಪರಿಗೆ ತುಂಬಿಸಿ ಒಲೆಗೆ ಒಣ ಸಿಪ್ಪೆ ತುಂಬಿದ ಮೇಲೆ ಮಾವ ಬೆಂಡೆಯ ಲೋಳೆ ಸುರಿಯುತ್ತಿದ್ದರು. ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಲ್ಲಿ ನೆನೆಸಿ, ಹಿಸುಕಿ ತೆಗೆದ ಲೋಳೆ. ಹಾಲು ಬಿಸಿಯಾಗುತ್ತಾ ಬಂದಂತೆ ಅದರೊಳಗಿನ ಪ್ರೋಟೀನು ಹೆಪ್ಪುಗಟ್ಟುತ್ತದೆ. ಲೋಳೆಯ ಎಳೆಗಳು ಅದನ್ನೂ ಮಣ್ಣಿನ ಕಣಗಳನ್ನೂ ಬಲೆಯಂತೆ ಹಿಡಿದುಕೊಂಡು ಮೇಲಕ್ಕೆ ಬರುತ್ತವೆ. ಕುದಿ ಬರುವುದಕ್ಕೆ ಸ್ವಲ್ಪ ಮೊದಲು ಕೊಪ್ಪರಿಗೆಯ ಮೇಲೆ ಕಪ್ಪು ಹಸಿರು ಕೆನೆ ದಪ್ಪಗೆ ನಿಲ್ಲುತ್ತದೆ.

‘ತಡಿಯೋ, ಈಗ್ಲೇ ಕೈ ಹಾಕಬ್ಯಾಡ. ಕಟ್ಕೊಳ್ಳಿ’ ಎನ್ನುತ್ತಿದ್ದರು ಮಾವ. ಬೇಗ ತೆಗೆದರೆ ಕೊಳೆ ಪೂರ್ತಿ ಮೇಲೆ ಬಂದಿರುವುದಿಲ್ಲ. ತಡಮಾಡಿದರೆ ಕುದಿ ಉಕ್ಕಿ ಕೆನೆಯನ್ನು ಒಡೆದು ಮತ್ತೆ ಹಾಲಿನೊಳಕ್ಕೆ ಕದಡಿಬಿಡುತ್ತದೆ. ಆಮೇಲೆ ಅದು ಎಷ್ಟು ಸೋಸಿದರೂ ಸಿಗುವುದಿಲ್ಲ. ಆ ಹೊತ್ತಿಗೆ ಒಲೆಗೆ ಉರಿ ಹಾಕುವವನು ಕೈ ತಡೆಯಬೇಕು, ಜಾಲರಿ ಹಿಡಿದವನು ಅಂಚಿನಿಂದ ಮೆಲ್ಲಗೆ ಎಳೆದುಕೊಳ್ಳಬೇಕು. ಇದಾದ ಮೇಲೆ ಸ್ವಲ್ಪ ಸುಣ್ಣದ ತಿಳಿ. ಕಬ್ಬಿನ ಹಾಲಿನ ಹುಳಿ ಮುರಿದರೆ ಬೆಲ್ಲ ಗಟ್ಟಿ ನಿಲ್ಲುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕೊನೆಗೆ ಪಾಕ ಸುಮಾರು 118 ಡಿಗ್ರಿ ಮುಟ್ಟಿದಾಗ ಇಳಿಸುತ್ತಾರೆ. ಮಾವ ಥರ್ಮಾಮೀಟರು ಇಟ್ಟವರಲ್ಲ, ತಣ್ಣೀರಿಗೆ ಪಾಕದ ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಒಂದು ಟನ್ ಕಬ್ಬಿಗೆ ಹೆಚ್ಚು ಕಡಿಮೆ 100 ಕಿಲೋ ಬೆಲ್ಲ. ಎತ್ತಿ ಹಾಕಿದ ಮಡ್ಡಿ ತಿಪ್ಪೆಗೆ, ಅಲ್ಲಿಂದ ಗದ್ದೆಗೆ.

ಇದೇ ಕಬ್ಬು ಮಂಡ್ಯದ ಸಕ್ಕರೆ ಕಾರ್ಖಾನೆಗೂ ಹೋಗುತ್ತದೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದ ಮೇಲೆ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಕಾರ್ಖಾನೆಯಲ್ಲಿ ಮಡ್ಡಿ ಮೇಲೆ ಬರುವುದಿಲ್ಲ, ಕೆಳಗೆ ಕೂರುತ್ತದೆ. ಹಾಲಿಗೆ ಸುಣ್ಣ, ಗಂಧಕದ ಹೊಗೆ ಕೊಟ್ಟು ದೊಡ್ಡ ತೊಟ್ಟಿಯಲ್ಲಿ ನಿಲ್ಲಿಸಿದರೆ ಕೊಳೆ ತಳ ಸೇರಿ, ಮೇಲಿನ ತಿಳಿ ಮುಂದಕ್ಕೆ ಹರಿಯುತ್ತದೆ. ತಳದ್ದನ್ನು ಹಿಂಡಿ ತೆಗೆದ ಪ್ರೆಸ್‌ಮಡ್ಡನ್ನು ರೈತರು ಗೊಬ್ಬರಕ್ಕೆ ಒಯ್ಯುತ್ತಾರೆ. ದೂರದ ದೇಶಗಳಲ್ಲಿ ಮನೆಯಲ್ಲೇ ಬಿಯರ್ ಕಾಯಿಸುವವರಿಗೂ ಇದೇ ಚಿಂತೆ. ಬಾರ್ಲಿಯ ರಸಕ್ಕೆ ಹಾಪ್ ಎಂಬ ಕಹಿ ಹೂ ಹಾಕಿ ಕುದಿಸಿದ ಮೇಲೆ ಹಂಡೆಯ ತುಂಬ ಹೂವಿನ ಚರಟ. ಅವರು ರಸವನ್ನು ಜೋರಾಗಿ ಸುತ್ತು ತಿರುಗಿಸಿ ಸುಮ್ಮನೆ ಬಿಡುತ್ತಾರೆ. ಚರಟ ನಡುವೆ ಗುಡ್ಡೆಯಾಗುತ್ತದೆ, ಪಕ್ಕದ ನಲ್ಲಿಯಿಂದ ತಿಳಿ ಬಸಿದುಕೊಳ್ಳುತ್ತಾರೆ. ಲೋಟದಲ್ಲಿ ಕಲಕಿದ ಚಹಾದ ಸೊಪ್ಪು ಅಂಚಿಗೆ ಹೋಗದೆ ನಡುವೆ ಸೇರುವುದೇಕೆ ಎಂದು ಐನ್‌ಸ್ಟೈನ್ 1926ರಲ್ಲಿ ವಿವರಿಸಿದ್ದು ಇದೇ ಚಲನೆಯನ್ನು.

ಮೇಲೆ ಬರಲಿ, ಕೆಳಗೆ ಕೂರಲಿ, ನಡುವೆ ಸೇರಲಿ, ಕೊಳೆಯನ್ನು ತೆಗೆಯುವವನು ಮೊದಲು ಅದು ಒಂದು ಕಡೆ ಸೇರುವವರೆಗೆ ಕಾಯಬೇಕು. ಆಲೆಮನೆಯಲ್ಲಿ ದುಬಾರಿಯಾಗಿರುವುದು ಆ ಕಾಯುವಿಕೆಯೇ. ಬೆಂಡೆ ಬೆಳೆದುಕೊಳ್ಳಬೇಕು, ಜಜ್ಜಲು ಆಳು ಬೇಕು, ಉರಿ ತಗ್ಗಿಸಿ ನಿಂತರೆ ದಿನಕ್ಕೆ ಒಂದು ಕೊಪ್ಪರಿಗೆ ಕಡಿಮೆಯಾಗುತ್ತದೆ. ಇಷ್ಟು ಮಾಡಿದರೂ ಬರುವ ಬೆಲ್ಲ ಕಂದು ಬಣ್ಣದ್ದೇ. ಮಂಡಿಯಲ್ಲಿ ಬೆಲ್ಲದ ಬೆಲೆ ಕಟ್ಟುವುದು ಬಣ್ಣ ನೋಡಿ. ನಸು ಹಳದಿಗೆ ಒಂದು ದರ, ಕಂದಿಗೆ ಅದಕ್ಕಿಂತ ಕಡಿಮೆ.

ಹಳದಿ ಬಣ್ಣಕ್ಕೆ ಅಡ್ಡದಾರಿಯೊಂದಿದೆ. ಆಲೆಮನೆಯವರ ಬಾಯಲ್ಲಿ ಅದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಕೊಳೆಯನ್ನು ತೆಗೆಯುವುದಿಲ್ಲ, ಬಣ್ಣವನ್ನು ಬಿಳುಚಿಸುತ್ತದೆ. ಕೊಪ್ಪರಿಗೆಗೆ ಒಂದಿಷ್ಟು ಹಾಕಿದರೆ ಕಂದು ಪಾಕ ಕಣ್ಣೆದುರೇ ತಿಳಿಯಾಗುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡು ಕಿಲೋಗೆ 70 ಮಿಲಿಗ್ರಾಂ ದಾಟಬಾರದೆಂದು ಕಾನೂನಿದೆ. ಆದರೆ ಕೊಪ್ಪರಿಗೆಯ ಮುಂದೆ ತಕ್ಕಡಿ ಇಟ್ಟುಕೊಂಡು ಯಾರೂ ಕೂರುವುದಿಲ್ಲ, ಅಂದಾಜಿನಲ್ಲಿ ಹಾಕುತ್ತಾರೆ. ಬಂದ ಹೊಳಪೂ ನಿಲ್ಲುವುದಿಲ್ಲ. ಇಟ್ಟಲ್ಲೇ ದಿನ ಕಳೆದಂತೆ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಅಷ್ಟರಲ್ಲಿ ಅದು ಮಾರಾಟವಾಗಿರುತ್ತದೆ.

ಮಾವ ಹೈಡ್ರೋಸ್ ಹಾಕಲಿಲ್ಲ. ಅದಕ್ಕೆ ಆದರ್ಶದ ಮಾತೇನೂ ಆಡುತ್ತಿರಲಿಲ್ಲ, ‘ಮನೇಲಿ ಮಕ್ಕಳೂ ಇದನ್ನೇ ತಿಂತವೆ ಕಣಪ್ಪ’ ಎನ್ನುತ್ತಿದ್ದರು. ಕೆಲವು ವರ್ಷ ನಷ್ಟ ತಿಂದು, ಕೊನೆಗೆ ಆಲೆಮನೆ ಮುಚ್ಚಿ ಕಬ್ಬನ್ನು ಕಾರ್ಖಾನೆಗೆ ಕಡಿಸತೊಡಗಿದರು. ಈಗ ಕಪ್ಪು ಬೆಲ್ಲ, ಸಾವಯವ ಬೆಲ್ಲ ಎಂದು ಬೆಂಗಳೂರಿನಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಬೆಂಡೆಯ ಲೋಳೆಗೆ ಮರಳಿದ ಆಲೆಮನೆಗಳೂ ಇವೆ. ಅವುಗಳಿಗೆ ಗಿರಾಕಿ ಸಿಕ್ಕ ಹೊತ್ತಿಗೆ ಮಾವನ ಕೊಪ್ಪರಿಗೆ ಗುಜರಿಗೆ ಹೋಗಿತ್ತು.

ಹಬ್ಬದ ದಿನ ಹೋಳಿಗೆಗೋ ಪಾಯಸಕ್ಕೋ ನಮ್ಮ ಮನೆಗಳಲ್ಲಿ ಬೆಲ್ಲವನ್ನು ನೀರಲ್ಲಿ ಕರಗಿಸಿ, ಒಂದು ಕುದಿ ಕೊಟ್ಟು, ಸೋಸಿಯೇ ಬಳಸುತ್ತಾರೆ. ಬಟ್ಟೆಯ ಮೇಲೆ ಒಂದಿಷ್ಟು ಮರಳು, ಎರಡು ಎಳೆ ಕಬ್ಬಿನ ನಾರು ಉಳಿಯುತ್ತದೆ. ಅದನ್ನು ಕಂಡು ‘ಬೆಲ್ಲ ಸರಿಯಿಲ್ಲ’ ಎಂದು ಗೊಣಗುವವರಿದ್ದಾರೆ. ಆ ಮರಳನ್ನಾದರೂ ನಾವು ಸೋಸಿ ಚೆಲ್ಲಬಹುದು. ಹೈಡ್ರೋಸ್ ಯಾವ ಬಟ್ಟೆಯಲ್ಲೂ ನಿಲ್ಲುವುದಿಲ್ಲ.