ಶೇಂದಿ ಅಂಗಡಿಯ ದಾರಿ

ಮಂಗಳೂರಿನಿಂದ ಕುಂದಾಪುರಕ್ಕೆ ಈಗ ನಾಲ್ಕು ಪಥದ ಹೆದ್ದಾರಿ. ಎರಡು ಗಂಟೆಯ ಹಾದಿ. ಅದೇ ದಾರಿಗೆ ನಾವು ಗೆಳೆಯರು ಇಡೀ ದಿನ ಹಿಡಿಸುತ್ತಿದ್ದ ಕಾಲವೊಂದಿತ್ತು. ಕುಂದಾಪುರ ಮುಟ್ಟುವ ಅವಸರ ಯಾರಿಗೂ ಇರಲಿಲ್ಲ. ಮೂಲ್ಕಿ, ಕಾಪು, ಉದ್ಯಾವರ, ಕಲ್ಯಾಣಪುರದ ಒಳದಾರಿಗಳಲ್ಲಿ ಶೇಂದಿ ಅಂಗಡಿಗಳಿದ್ದವು. ಹೆಂಚಿನ ಮಾಡು, ಎರಡು ಬೆಂಚು, ಹಿತ್ತಿಲಲ್ಲಿ ಒಲೆ. ಕುಡಿಯದ ಗೆಳೆಯನೊಬ್ಬ ಕಾರು ಓಡಿಸುತ್ತಿದ್ದ. ಮೀನಿನ ದೊಡ್ಡ ಪಾಲು ಅವನಿಗೇ.

ಒಂದೊಂದು ಊರಿನ ಕಳ್ಳಿಗೂ ಅದರದೇ ರುಚಿ. ಉಪ್ಪುನೀರಿನ ದಂಡೆಯ ತೆಂಗಿನದು ಒಂದು ಬಗೆ, ತಾಳೆಮರದ್ದು ಇನ್ನೊಂದು, ಘಟ್ಟದ ಬುಡಕ್ಕೆ ಸರಿದರೆ ಬೈನೆ ಮರದ್ದು. ನಸುಕಿನಲ್ಲಿ ಇಳಿಸಿದ್ದು ಮೊದಲು ಸಿಹಿ, ಬಿಸಿಲೇರುವಾಗ ನೊರೆ, ಸಂಜೆಗೆ ಹುಳಿ. ಇನ್ನೂ ಬಿಟ್ಟರೆ ವಿನೆಗರ್. ಯೀಸ್ಟನ್ನು ಯಾರೂ ಹಾಕಬೇಕಿಲ್ಲ, ಗಾಳಿಯಲ್ಲೂ ಮಡಕೆಯ ಒಡಲಲ್ಲೂ ಅದು ಇದ್ದೇ ಇರುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳ ಬಿಯರನ್ನು ನಾನು ಇಷ್ಟಪಟ್ಟು ಕುಡಿದಿದ್ದೇನೆ, ಅದರ ಹಿಂದಿನ ಶ್ರಮ ದೊಡ್ಡದು. ಆದರೆ ಊರಿನ ಮರ, ಊರಿನ ಗಾಳಿ, ಆ ದಿನದ ಬಿಸಿಲು ಇವಿಷ್ಟರಿಂದಲೇ ಆಗುವ ಪಾನೀಯ ನಮ್ಮಲ್ಲಿ ಕಳ್ಳು ಒಂದೇ.

ಕಳ್ಳು ಇಳಿಸುವ ಮೂರ್ತೆಯ ಕೆಲಸ ನೋಡಿದವರಿಗೆ ಗೊತ್ತು, ಅದು ಬರೀ ಮರ ಹತ್ತುವುದಲ್ಲ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಬೇಕು. ಹಲವು ದಿನ ಸುತ್ತಲೂ ಹದವಾಗಿ ತಟ್ಟಬೇಕು. ಏಟು ಜೋರಾದರೆ ಹೊಂಬಾಳೆ ಕೆಟ್ಟಿತು, ಮೆತ್ತಗಾದರೆ ರಸ ಇಳಿಯದು. ಆಮೇಲೆ ತುದಿಯನ್ನು ದಿನವೂ ತೆಳ್ಳಗೆ ಕೆತ್ತಿ ಮಡಕೆ ಕಟ್ಟಬೇಕು, ಬೆಳಿಗ್ಗೆಯೂ ಸಂಜೆಯೂ ಹತ್ತಬೇಕು. ಕಾಂಡ ಜಾರುವ ಮಳೆಗಾಲದಲ್ಲೂ ರಜೆಯಿಲ್ಲ. ಮುಸ್ಸಂಜೆಯ ತೋಟದಲ್ಲಿ ಮೇಲಿನಿಂದ ಕೇಳುತ್ತಿದ್ದ ಆ ತಟ್ಟುವ ಸದ್ದು ನನ್ನ ಮಟ್ಟಿಗೆ ಕರಾವಳಿಯ ಗಡಿಯಾರವಾಗಿತ್ತು.

ಊಟವೂ ಕಳ್ಳಿನ ಜೊತೆಗೇ ಬೆಳೆದದ್ದು. ಬೂತಾಯಿ ಮೀನಿನ ಪುಳಿಮುಂಚಿಯ ಖಾರ, ಮರುವಾಯಿ ಚಿಪ್ಪಿನ ಸುಕ್ಕದ ತೆಂಗಿನಕಾಯಿ, ತೆಂಗಿನೆಣ್ಣೆಯಲ್ಲಿ ಗರಿಯಾದ ಬಂಗುಡೆ, ಎಲ್ಲದಕ್ಕೂ ಒಂದು ಗ್ಲಾಸು ಹುಳಿಸಿಹಿ ಕಳ್ಳು ಬೇಕು. ಕ್ರೈಸ್ತರ ಮನೆಗಳಲ್ಲಿ ಇಡ್ಲಿಯಂಥ ಸನ್ನಾದ ಹಿಟ್ಟನ್ನು ಉಬ್ಬಿಸುತ್ತಿದ್ದದ್ದೂ ಕಳ್ಳೇ. ಅಂಥ ಸನ್ನಾವನ್ನು ಹಂದಿಮಾಂಸದ ಬಾಫತ್‌ನಲ್ಲಿ ಅದ್ದಿ ತಿಂದವರು ಯೀಸ್ಟ್ ಪುಡಿಯ ಸನ್ನಾವನ್ನು ಸುಮ್ಮನೆ ಪಕ್ಕಕ್ಕಿಡುತ್ತಾರೆ. ಈಗ ಹೆಚ್ಚಿನ ಕಡೆ ಸಿಗುವುದು ಅದೇ.

ಶೇಂದಿ ಅಂಗಡಿಗಳ ಈ ಲೋಕ ಒಂದೇ ಏಟಿಗೆ ಬಿದ್ದದ್ದಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಗಡಂಗುಗಳು ಬಾಗಿಲು ಹಾಕಿದವು. ಆ ನಿಷೇಧ ಎಷ್ಟೋ ಮನೆಗಳನ್ನು ಉಳಿಸಿತು, ಅದನ್ನು ಹಳಿಯಲಾರೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಜೀವಗಳನ್ನು ಉಳಿಸಲೆಂದೇ. ಆದರೆ ನಿಜವಾದ ಕಾರಣ ಮರದ ಬುಡದಲ್ಲೇ ಇದೆ. ಹತ್ತುವವರ ಮಕ್ಕಳು ಹತ್ತುತ್ತಿಲ್ಲ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು ಕಳ್ಳಿನ ಕಸುಬು ಬಿಡಿ, ವಿದ್ಯೆ ಹಿಡಿಯಿರಿ ಎಂದವರು. ಮೂರ್ತೆಯೇ ಕುಲಕಸುಬಾಗಿದ್ದ ಬಿಲ್ಲವರ ಮಕ್ಕಳು ಓದಿ ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋದರು. ಹೋಗಬೇಕಾದದ್ದೇ. ಮರದಿಂದ ಬಿದ್ದು ಸೊಂಟ ಮುರಿದ ಅಪ್ಪನನ್ನು ಕಂಡ ಮಗನಿಗೆ ನೀನೂ ಹತ್ತು ಎನ್ನುವ ಹಕ್ಕು ಕುಡಿಯಲು ಬಂದ ನಮಗಿಲ್ಲ.

ಆದರೂ ಸಂಕಟವಾಗುತ್ತದೆ. ನಾವು ನಿಲ್ಲುತ್ತಿದ್ದ ಜಾಗಗಳಲ್ಲಿ ಈಗ ಎಲ್ಲೂ ಸಿಗುವ ಬಾಟಲಿ ಬಿಯರು, ಎಲ್ಲೂ ಸಿಗುವ ಗೋಬಿ ಮಂಚೂರಿ. ಮೂಲ್ಕಿಗೂ ಕಲ್ಯಾಣಪುರಕ್ಕೂ ರುಚಿಯಲ್ಲಿ ವ್ಯತ್ಯಾಸವಿಲ್ಲದ ಮೇಲೆ ನಡುವೆ ಕಾರು ನಿಲ್ಲಿಸುವುದಾದರೂ ಏಕೆ?

ಮೂರ್ತೆದಾರರ ಸಹಕಾರಿ ಸಂಘಗಳು ಕರಾವಳಿಯಲ್ಲಿ ಇನ್ನೂ ಇವೆ, ಹತ್ತುವ ಕೆಲವರೂ ಇದ್ದಾರೆ. ಆ ಕಡೆ ಹೋದರೆ ಹೆದ್ದಾರಿ ಬಿಟ್ಟು ಒಳಗೆ ತಿರುಗಿ, ಶೇಂದಿ ಎಲ್ಲಿ ಸಿಗುತ್ತದೆಂದು ಕೇಳಿ. ಬಿಸಿಲೇರುವ ಮೊದಲು ಹೋಗಿ. ಕೇಳಿದ ಬೆಲೆ ಕೊಡಿ, ಚೌಕಾಸಿ ಮಾಡಬೇಡಿ.