ಒಂದೇ ಕೈಗೆ ಒಗ್ಗುವ ಹಿಡಿ

ನನ್ನ ಏರ್ ಪಿಸ್ತೂಲನ್ನು ನಾನೇ ತಿದ್ದಿ ತೀಡಿಕೊಳ್ಳುತ್ತೇನೆ ಎಂದು ಗೊತ್ತಾದವರು ಮೊದಲು ಕೇಳುವುದು ಒಂದೇ ಮಾತು: "ಏಟಿನ ಜೋರು ಜಾಸ್ತಿ ಮಾಡ್ತೀರಾ ಸಾರ್?" ಇಲ್ಲ. ಜೋರಿಗೂ ನನ್ನ ಹವ್ಯಾಸಕ್ಕೂ ಸಂಬಂಧವೇ ಇಲ್ಲ. 10 ಮೀಟರ್ ದೂರದ ಕಾಗದದಲ್ಲಿ ದುಂಡನೆಯ ತೂತು ಬೀಳಬೇಕಾದರೆ ಅರ್ಧ ಗ್ರಾಮಿನ ಸೀಸದ ಪೆಲೆಟ್ ಸೆಕೆಂಡಿಗೆ 140 ಮೀಟರಿನಷ್ಟು ವೇಗದಲ್ಲಿ ಹೊರಟರೆ ಸಾಕು. ಅಷ್ಟು ಕಸುವು ಪಿಸ್ತೂಲಿಗೆ ಕಾರ್ಖಾನೆಯಿಂದಲೇ ಬಂದಿರುತ್ತದೆ. ನಾನು ತಿದ್ದುವುದು ಅದು ನನ್ನ ಕೈಯಲ್ಲಿ ಕೂರುವ ಬಗೆಯನ್ನು.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದ ಕಾಲದಲ್ಲಿ ಈ ಆಟದ ಹುಚ್ಚು ನನಗೂ ಹತ್ತಿತು. ನನ್ನ ಪಾಲಿಗೆ ಒದಗಿದ್ದು ರಷ್ಯಾದ ಇಝೆವ್ಸ್ಕ್‌ನಲ್ಲಿ ತಯಾರಾದ ಇಝ್-46ಎಂ. ಈಗಿನ ಸ್ಪರ್ಧಿಗಳ ಸ್ಟೆಯರ್, ಮೊರಿನಿ, ಫೈನ್‌ವರ್ಕ್‌ಬಾವ್ ಪಿಸ್ತೂಲುಗಳಲ್ಲಿ 200 ಬಾರ್ ಒತ್ತಡದ ಗಾಳಿಯ ಸಿಲಿಂಡರ್ ಇರುತ್ತದೆ. ನನ್ನದರಲ್ಲಿ ಅದಿಲ್ಲ. ನಳಿಗೆಯ ಕೆಳಗಿರುವ ಲಿವರನ್ನು ಒಮ್ಮೆ ಪೂರ್ತಿ ತೆರೆದು ಮುಚ್ಚಿದರೆ ಒಂದು ಏಟಿಗೆ ಬೇಕಾದ ಗಾಳಿ ಒಳಗೆ ಅದುಮಿಕೊಳ್ಳುತ್ತದೆ. ಪ್ರತಿ ಸಲವೂ ಅಷ್ಟೇ ಗಾಳಿ, ಅಷ್ಟೇ ಒತ್ತಡ. ಸುಮಾರು 1.3 ಕಿಲೋ ತೂಗುವ ಈ ಪಿಸ್ತೂಲನ್ನು ಚೆಲುವಾದದ್ದೆಂದು ಎಲ್ಲರೂ ಒಪ್ಪಲಾರರು. ನನಗಂತೂ ಅದರ ನೇರವಾದ, ಮುಚ್ಚುಮರೆಯಿಲ್ಲದ ಯಂತ್ರ ಬಹಳ ಇಷ್ಟ. ಬಿಚ್ಚಿದರೆ ಪ್ರತಿಯೊಂದು ಭಾಗ ಯಾಕಿದೆ ಎಂಬುದು ಕಣ್ಣಿಗೇ ತಿಳಿಯುತ್ತದೆ.

ಕೈಯಲ್ಲಿ ಕೂರುವ ಬಗೆಗೆ ಯಾಕಿಷ್ಟು ಮಹತ್ವ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಹಿಂದಿನ ಸೈಟಿನ ಕಚ್ಚಿನ ನಡುವೆ ಮುಂದಿನ ಸೈಟು ಸರಿಯಾಗಿ ನಿಲ್ಲಬೇಕು, ಅದರ ಎರಡೂ ಪಕ್ಕದಲ್ಲಿ ಬೆಳಕು ಸಮನಾಗಿ ಕಾಣಬೇಕು. ಈ ಎರಡರ ನಡುವಿನ ದೂರ ಒಂದಡಿಗಿಂತ ಸ್ವಲ್ಪ ಹೆಚ್ಚು. ಇಲ್ಲಿ 1 ಮಿ.ಮೀ. ಓರೆಯಾದರೆ 10 ಮೀಟರ್ ಆಚೆ ಅದು ಸುಮಾರು 30 ಮಿ.ಮೀ. ಆಗುತ್ತದೆ, ಪೆಲೆಟ್ ಕಪ್ಪು ವೃತ್ತದ ಅಂಚಿಗೆ ಹೋಗಿ ಬೀಳುತ್ತದೆ. ಹತ್ತು ಅಂಕದ ವೃತ್ತದ ಅಡ್ಡಳತೆಯಾದರೋ ಬರೀ 11.5 ಮಿ.ಮೀ. ಮಣಿಕಟ್ಟನ್ನು ಬಲವಂತದಿಂದ ತಿರುಗಿಸಿ ಸೈಟುಗಳನ್ನು ಸಾಲಿಗೆ ತರಬಹುದು, ಆದರೆ ಬಲವಂತಕ್ಕೆ ಒಳಗಾದ ಸ್ನಾಯು ಟ್ರಿಗರ್ ಬಿಡುವ ಗಳಿಗೆಯಲ್ಲಿ ತನ್ನ ಸಹಜ ಜಾಗಕ್ಕೆ ಮರಳಲು ಹವಣಿಸುತ್ತದೆ. ಹಾಗಾಗಿ ಸೈಟುಗಳು ಸಾಲಾಗಿ ನಿಲ್ಲುವುದೇ ಕೈಯ ಸಹಜ ಸ್ಥಿತಿಯಾಗಬೇಕು. ಅದನ್ನು ಸಾಧಿಸಿಕೊಡುವುದು ಗ್ರಿಪ್ಪು.

ಕಾರ್ಖಾನೆಯಿಂದ ಬರುವ ಅಕ್ರೋಟು ಮರದ ಗ್ರಿಪ್ಪನ್ನು ಹತ್ತಾರು ಕೈಗಳ ಸರಾಸರಿಗೆ ಕಡೆದಿರುತ್ತಾರೆ. ಸರಾಸರಿ ಕೈ ಯಾರಿಗೂ ಇರುವುದಿಲ್ಲ. ನನ್ನ ಪರೀಕ್ಷೆ ಸರಳ. ಪೆಲೆಟ್ ಇಲ್ಲವೆಂದು ಖಚಿತ ಮಾಡಿಕೊಂಡು, ಖಾಲಿ ಗೋಡೆಗೆ ಎದುರಾಗಿ ನಿಂತು, ಪರಿಚಿತರ ಕೈ ಕುಲುಕುವಷ್ಟು ಬಿಗಿಯಲ್ಲಿ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ ತೋಳೆತ್ತುತ್ತೇನೆ. ಉಸಿರು ತಗ್ಗಿದ ಮೇಲೆ ಕಣ್ಣು ಬಿಡುತ್ತೇನೆ. ಮುಂದಿನ ಸೈಟು ಕಚ್ಚಿನಲ್ಲಿ ಬಲಕ್ಕೆ ಸರಿದಿದ್ದರೆ ಗ್ರಿಪ್ಪಿನಲ್ಲಿ ಎಲ್ಲೋ ಮರ ಹೆಚ್ಚಾಗಿದೆ, ಇಲ್ಲವೇ ಎಲ್ಲೋ ಕಡಿಮೆಯಾಗಿದೆ. ತಲೆ ಎತ್ತಿದ್ದರೆ ಅಥವಾ ತಗ್ಗಿಸಿದ್ದರೆ ಗ್ರಿಪ್ಪಿನ ಓರೆ ನನ್ನ ಮಣಿಕಟ್ಟಿಗೆ ಒಪ್ಪಿಲ್ಲ.

ಎಲ್ಲಿ ಹೆಚ್ಚು ಎಂದು ಹುಡುಕುವ ಉಪಾಯ ಹೇಳಿಕೊಟ್ಟವರು ನಮ್ಮ ಬೀದಿಯ ಬಡಗಿ. ಪಿಸ್ತೂಲಿನ ಗ್ರಿಪ್ಪನ್ನು ಅವರು ಅದುವರೆಗೆ ಕಂಡಿರಲಿಲ್ಲ. ಆದರೆ ಬಾಗಿಲಿನ ಕೂಡುಗಳನ್ನು ಜೀವಮಾನವೆಲ್ಲ ಕೂರಿಸಿದ ಕೈ ಅದು. ಮರದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಸೀಮೆಸುಣ್ಣ ಬಳೀರಿ ಸಾರ್. ಹಿಡಿದು ಬಿಡಿ. ಎಲ್ಲಿ ಒತ್ತುತ್ತೋ ಅಲ್ಲಿ ಅಳಿಸಿರುತ್ತೆ" ಎಂದರು. ಬಳಿದು ಹಿಡಿದೆ. ಹೆಬ್ಬೆರಳಿನ ಬುಡದಲ್ಲಿ, ನಡುಬೆರಳಿನ ಎರಡನೆಯ ಗೆಣ್ಣಿನಲ್ಲಿ ಸುಣ್ಣ ಪೂರಾ ಹೋಗಿತ್ತು. ಅಂಗೈಯ ಗುಳಿ ಮರವನ್ನು ಮುಟ್ಟಿಯೇ ಇರಲಿಲ್ಲ. ನನ್ನ ಕೈಯ ನಕ್ಷೆಯನ್ನು ಅಷ್ಟು ಸ್ಪಷ್ಟವಾಗಿ ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದಿನದೆಲ್ಲ ಸುಖದ ಕೆಲಸ. ಸುಣ್ಣ ಅಳಿಸಿದ ಕಡೆ ಅರ ಹಾಕುವುದು, ಮತ್ತೆ ಬಳಿಯುವುದು, ಮತ್ತೆ ಹಿಡಿಯುವುದು. ಅಕ್ರೋಟು ಹದವಾದ ಮರ. ಅರಕ್ಕೆ ಜಗ್ಗುತ್ತದೆ, ಸಿಬಿರೇಳುವುದಿಲ್ಲ. ಅದರ ಕಂದು ಪುಡಿಗೆ ತುಸು ಒಗರಾದ ವಾಸನೆ. ಗುಳಿ ತುಂಬಲು ಎಂ-ಸೀಲ್. ಎರಡು ಬಣ್ಣದ ಮುದ್ದೆಗಳನ್ನು ನಾದಿ ಒಂದಾಗಿಸಿ, ಮರಕ್ಕೆ ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಗುರಿ ಹಿಡಿದಂತೆಯೇ ಹಿಡಿದು ನಿಂತರೆ ಅಂಗೈಯ ಅಚ್ಚು ಮೂಡುತ್ತದೆ. ರಾತ್ರಿ ಗಟ್ಟಿಯಾಗಲು ಬಿಟ್ಟು ಬೆಳಿಗ್ಗೆ ಉಪ್ಪು ಕಾಗದದಿಂದ ಉಜ್ಜುತ್ತೇನೆ. ವಾರ್ನಿಷ್ ಮುಟ್ಟಿಸುವುದಿಲ್ಲ, ಬೆವರಿದ ಕೈ ಜಾರುತ್ತದೆ. ಅಗಸೆ ಎಣ್ಣೆಯ ಒಂದು ತೆಳು ಪಸೆ, ಬೆರಳು ಕೂರುವಲ್ಲಿ ಮೊನೆಯಿಂದ ಚುಚ್ಚಿದ ಒತ್ತೊತ್ತಾದ ಚುಕ್ಕಿಗಳು, ಅಷ್ಟೇ.

ಈ ಸ್ವಾತಂತ್ರ್ಯಕ್ಕೂ ಬೇಲಿಯಿದೆ, ಅದೂ ನನಗೆ ಇಷ್ಟ. ಸ್ಪರ್ಧೆಯ ನಿಯಮದಂತೆ ಪಿಸ್ತೂಲು 1500 ಗ್ರಾಂ ಮೀರಬಾರದು, 420, 200, 50 ಮಿ.ಮೀ. ಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಗ್ರಿಪ್ಪು ಎಲ್ಲೂ ಮಣಿಕಟ್ಟಿಗೆ ಆಸರೆ ಕೊಡಬಾರದು. ಅಂಗೈಯ ಅಂಚು ಕೂರುವ ಕೆಳಗಿನ ತಟ್ಟೆ ಮೇಲಕ್ಕೆ ಬಾಗಿ ಕೈಯನ್ನು ಬಿಗಿಯಾಗಿ ಕಚ್ಚಿಕೊಳ್ಳುವಂತಿಲ್ಲ. ಕೈಗೆ ಆರಾಮ ಕೊಡಬಹುದು, ಕೈಯ ಕೆಲಸವನ್ನು ಮರ ಮಾಡಬಾರದು ಎಂಬ ಈ ಗೆರೆಯನ್ನು ಹಾಕಿದವರು ಆಟವನ್ನು ಚೆನ್ನಾಗಿ ಬಲ್ಲವರು.

ಗ್ರಿಪ್ಪು ಒಂದು ಹದಕ್ಕೆ ಬಂದ ಮೇಲೆ ಟ್ರಿಗರಿನ ಸರದಿ. ಅದಕ್ಕೆ ಮೊದಲೇ ಕೈಹಾಕಿದರೆ ಪ್ರಯೋಜನವಿಲ್ಲ, ಹಿಡಿತ ಬದಲಾದಂತೆಲ್ಲ ತೋರುಬೆರಳು ತಲುಪುವ ಜಾಗವೂ ಬದಲಾಗುತ್ತದೆ. ಬೆರಳು ಮರಕ್ಕೆ ಎಲ್ಲೂ ತಾಗದೆ, ಮೊದಲ ಗೆಣ್ಣಿನ ಮಾಂಸಲ ಭಾಗದಿಂದ ನೇರವಾಗಿ ಹಿಂದಕ್ಕೆ ಒತ್ತುವಂತಿರಬೇಕು. ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕೆಂಬುದು ನಿಯಮ. ಪಿಸ್ತೂಲನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರಿಗೆ ತೂಕ ಸಿಕ್ಕಿಸಿ, ಎತ್ತಿ ನೋಡುತ್ತಾರೆ. ಆ 500 ಗ್ರಾಮನ್ನು ಎರಡು ಹಂತಗಳಿಗೆ ಹಂಚುವುದರಲ್ಲಿ ಇದೆ ರುಚಿ. ನಾನು ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೆ ಕೊಡುತ್ತೇನೆ. ಬೆರಳು ಆ ಭಾರವನ್ನು ಹೊತ್ತು ಒಂದು ಗೋಡೆಗೆ ಬಂದು ನಿಲ್ಲುತ್ತದೆ. ಅಲ್ಲಿಂದಾಚೆ ಉಳಿದಿರುವುದು ಸ್ವಲ್ಪವೇ. ಸ್ಕ್ರೂ ಕಾಲು ಸುತ್ತು ತಿರುಗಿದರೂ ಆ ಗೋಡೆಯ ಗುಣ ಬೇರೆಯಾಗುತ್ತದೆ. ಗಾಳಿ ತುಂಬದೆ ಟ್ರಿಗರನ್ನಷ್ಟೇ ಸಜ್ಜುಗೊಳಿಸಿ ಬಿಳಿ ಗೋಡೆಯೆದುರು ಬಿಡುತ್ತೇನೆ. 'ಟಿಕ್' ಎಂದಾಗ ಮುಂದಿನ ಸೈಟು ಅಲುಗದಿದ್ದರೆ ಮನಸ್ಸು ತಣಿಯುತ್ತದೆ.

ಕೂದಲೆಳೆಯಷ್ಟು ಮರಕ್ಕೆ ಇಷ್ಟೊಂದು ತಪಸ್ಸು ಬೇಕೇ? 2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಮನು ಭಾಕರ್ ಕಂಚಿಗೆ ನಿಂತಾಗ ಮುಂದಿದ್ದ ಕೊರಿಯಾದ ಕಿಮ್ ಯೆಜಿಗೂ ಅವರಿಗೂ ಇದ್ದ ಅಂತರ 0.1 ಅಂಕ. ಗುರಿಯ ಮೇಲೆ 0.1 ಅಂಕವೆಂದರೆ 0.8 ಮಿ.ಮೀ. ಅದನ್ನು ಸೈಟಿನ ಬಳಿಗೆ ಇಳಿಸಿದರೆ 0.03 ಮಿ.ಮೀ.ಗೂ ಕಡಿಮೆ. ನಾನು ಆ ಮಟ್ಟದ ಸ್ಪರ್ಧೆಯಲ್ಲಿ ನಿಲ್ಲುವವನಲ್ಲ. ಆದರೆ ಅವರ ಪೆಲೆಟ್ಟಿಗೂ ನನ್ನ ಪೆಲೆಟ್ಟಿಗೂ ಜ್ಯಾಮಿತಿ ಒಂದೇ. ಆ ನಿಖರತೆಯ ಲೋಕದಲ್ಲಿ ಓಡಾಡುವ ಸಂತೋಷಕ್ಕೆ ಪದಕ ಬೇಕಿಲ್ಲ.

ರೇಂಜಿಗೆ ಬರುವ ಎಳೆಯರು ಹೊಸ ಪಿಸ್ತೂಲಿಗೆ ಹಣ ಕೂಡಿಡುತ್ತಿದ್ದಾರೆ. ಕೂಡಿಡಲಿ, ಒಳ್ಳೆಯ ಯಂತ್ರ ಒಳ್ಳೆಯದೇ. ಅಷ್ಟರೊಳಗೆ ಈಗ ಕೈಯಲ್ಲಿರುವುದಕ್ಕೆ ಸೀಮೆಸುಣ್ಣ ಬಳಿದು ನೋಡಿ ಎನ್ನುತ್ತೇನೆ. ಗ್ರಿಪ್ಪು ಅವರದೇ ಆಗಿದ್ದರೆ ಒಂದು ಅರವನ್ನೂ ಕೊಡುತ್ತೇನೆ. ದುಬಾರಿ ಪಿಸ್ತೂಲನ್ನು ಯಾರು ಬೇಕಾದರೂ ಮಾರಬಹುದು, ಯಾರು ಬೇಕಾದರೂ ಕೊಳ್ಳಬಹುದು. ಒಬ್ಬರ ಅಂಗೈಗೆ ಒಗ್ಗಿದ ಗ್ರಿಪ್ಪು ಇನ್ನೊಬ್ಬರ ಕೈಗೆ ಹೋದರೆ ಬರೀ ಅಂಕುಡೊಂಕು ಮರದ ತುಂಡು. ಅದನ್ನು ಮಾಡಿಕೊಳ್ಳುತ್ತ ನನ್ನ ಕೈ ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಡಿಲುತ್ತದೆ, ಎಷ್ಟು ಹೊತ್ತಿಗೆ ದಣಿಯುತ್ತದೆ ಎಂಬುದನ್ನು ಕಲಿತೆ. ನಾಳೆ ನಾನೂ ಹೊಸ ಪಿಸ್ತೂಲು ಕೊಂಡರೆ ಈ ಗ್ರಿಪ್ಪು ಅದಕ್ಕೆ ಕೂರುವುದಿಲ್ಲ. ಕಲಿತದ್ದು ಕೂರುತ್ತದೆ.